ಹುಳದ ಬಕೆಟ್

"ಎತ್ತನ ನಾಗೇಂದ್ರ, ಸಾಕು ಕಾದಿದ್ದು. ಹೆಣ ವಾಸ್ನೆ ಹೊಡೀತಾ ಇದೆ." ಕೆರಿಯಪ್ಪಜ್ಜ ಮೂಗಿಗೆ ಟವೆಲ್ ಒತ್ಕೊಂಡು ಎದ್ದೇಬಿಟ್ರು. ಊರಿಗೆ ಹಿರಿಯರು ಅವ್ರು. ಅವ್ರು ಎದ್ಮೇಲೆ ಉಳಿದವ್ರು ಕೂರ್ತಾರಾ? ನಾಲ್ಕು ಜನ ಚಟ್ಟದ ಬಿದಿರಿಗೆ ಕೈ ಹಾಕಿದ್ರು.

"ಬೆಳಿಗ್ಗೆ ಅಷ್ಟೇ ಜೀವ ಹೋಗಿದ್ದು ದೊಡ್ಡಪ್ಪ, ಇಷ್ಟು ಬೇಗ ಎಂತ ವಾಸ್ನೆ?" ನಾಗೇಂದ್ರ ರಸ್ತೆ ಕಡೆ ನೋಡಿದ. "ಯಶೋಧ ರಿಪ್ಪನ್‌ಪೇಟೆ ಬಿಟ್ಟಿದಾಳಂತೆ. ದಾರಿಲಿದಾಳೆ ತಂಗಿ, ಅಮ್ಮನ ಮುಖ ನೋಡ್ಲಿ."

"ಯಮುನಮ್ಮಂದು ಶುಗರ್ ಕಾಲು ಮಾರಾಯ. ಒಳಗೇ ಕೊಳೆತಿರ್ತದೆ."

ಹೆಂಗಸರೆಲ್ಲ ಸೆರಗು ಮೂಗಿಗೆ ಏರಿಸಿದ್ರು. ನಾಗೇಂದ್ರನ ಮಗಳು ಬಿಂದುಶ್ರೀ ಅಪ್ಪನ ಮುಖ ನೋಡಿದ್ಲು. ಈಗ ಎತ್ತಿದ್ರೆ ಮುಗೀತು. ಸುಡೋ ಜಾಗಕ್ಕೆ ಹೆಂಗಸರನ್ನ ಬಿಡಲ್ಲ, ಯಶೋಧತ್ತೆಗೆ ಮುಖ ಸಿಗಲ್ಲ. ಆದ್ರೆ ಆ ನಾತ ಅಜ್ಜಿದಲ್ಲ. ಅದು ಬಚ್ಚಲು ಮನೆ ಕಟ್ಟಿಗೆ ರಾಶಿ ಹಿಂದಿಂದ ಬರ್ತಿತ್ತು. ಅವಳೊಬ್ಬಳಿಗೇ ಗೊತ್ತು.

*

ಹೋದ ವಾರ ಅವಳು ಕಟ್ಟಿಗೆ ಎಳೆಯಕ್ಕೆ ಹೋಗಿ ಅಲ್ಲಿದ್ದ ಪೇಂಟ್ ಬಕೆಟ್ ಮುಚ್ಚಳ ತೆಗೆದಿದ್ಲು. ಕೊಳೆತ ಹಲಸಿನ ತೊಳೆ, ಮೀನಿನ ಕರುಳು. ಮೇಲೆ ಅನ್ನ ಕುದಿಯೋ ಥರ ಬಿಳಿ ಹುಳ.

"ಥೂ ಅಜ್ಜಿ! ಎಂತ ಗಲೀಜಿದು?"

"ಕೋಳಿ ಊಟ ಕಣೇ. ನಿಮ್ಮಪ್ಪಂಗೆ ಹೇಳಿದ್ಯೋ, ನೋಡು. ಹೋದ ಸಲ ತಿಪ್ಪೆಗೆ ಸುರಿದು ಬಂದ."

"ಇದನ್ನ ತಿಂದ ಕೋಳಿ ಮೊಟ್ಟೆನಾ ನಾನು ತಿಂದಿದ್ದು? ವ್ಯಾಕ್!"

"ಕೆರಿಯಪ್ಪ ಕೆಮ್ಮಿಗೆ ಅಂತ ಇದೇ ಮೊಟ್ಟೆನ ದಿನಾ ಹಸೀದೇ ಕುಡೀತಾನೆ. ಅವನೆಂತ ಸತ್ನಾ?"

ಬಿಂದು ಮೂಗು ಹಿಡ್ಕೊಂಡೇ ಟೆಸ್ಟಿಗೆ ಓದಿದ್ದನ್ನ ಒದರಿದ್ಲು. "ಹಲಸು ಹುಳಕ್ಕೆ, ಹುಳ ಕೋಳಿಗೆ, ಕೋಳಿ ನಮಗೆ. ಒಂದೊಂದು ಸಲ ಕೈ ಬದಲಾದಾಗಲೂ ಹತ್ತರಲ್ಲಿ ಒಂದು ಪಾಲು ಶಕ್ತಿ ಉಳಿಯೋದು ಅಜ್ಜಿ. ಮಿಕ್ಕಿದ್ದು ಬಿಸಿಯಾಗಿ ಹಾಳು."

"ಹಾಳು ಎಂತಕ್ಕೆ ಮಾಡ್ಬೇಕು?" ಅಂತ ಅಜ್ಜಿ ಎರಡೂ ಅಂಗೈನ ಹುಳದ ಬಿಸಿಗೆ ಬೆಚ್ಚಗಿದ್ದ ಬಕೆಟ್ಟಿಗೆ ಒತ್ತಿ, ಕಣ್ಮುಚ್ಚಿ ಚಳಿ ಕಾಯಿಸ್ಕೊಂಡ್ಲು. "ಹಾ..."

ಬಿಂದು ಓಡಿಹೋಗಿದ್ಲು.

*

ಬಕೆಟ್ಟಿನ ಹಿಡಿ ಮುರಿದಿತ್ತು. ಚಟ್ಟ ಎತ್ತೋದ್ರೊಳಗೆ ಬಿಂದು ಅದನ್ನ ತಬ್ಕೊಂಡೇ ತರಬೇಕಾಯ್ತು. ಕಂದು ನೀರು ಚೂಡಿದಾರದ ಮೇಲೆ ಇಳೀತು, ಬೆರಳ ಸಂದಿಲಿ ಎಂತದೋ ಹರಿದಾಡ್ತು. ಉಸಿರು ಬಿಗಿಹಿಡಿದು ಬಂದವಳೇ ಕೆರಿಯಪ್ಪಜ್ಜನ ಕಾಲ ಬುಡಕ್ಕೇ ಸುರಿದ್ಲು.

"ವಾಸ್ನೆ ಇದರದ್ದು! ಅಜ್ಜಿದಲ್ಲ!"

ಎಲ್ಲಿದ್ವೋ ಕೋಳಿಗಳು, ರೆಕ್ಕೆ ಬಡಿತಾ ಬಂದು ಬಿದ್ವು.

"ಇದೆಂತದೇ ಹುಡುಗಿ?"

"ನೀವು ದಿನಾ ಕುಡಿಯೋ ಮೊಟ್ಟೆ, ಅಜ್ಜ."

ಕೆರಿಯಪ್ಪಜ್ಜ ಕೋಳಿ ನೋಡಿದ್ರು, ಹುಳ ನೋಡಿದ್ರು. ಟವೆಲ್ ಬಾಯಿಗೆ ತುರುಕ್ಕೊಂಡು ಗೋಡೆ ಹಿಂದೆ ಓಡಿದ್ರು. ವಾಂತಿ ಸದ್ದು ಕೇಳಿಸ್ತು. "ಅಯ್ಯೋ, ನಾನೂ ನಿನ್ನೆ ಮೊಟ್ಟೆ ಒಯ್ದಿದ್ನಲ್ರೋ," ಅಂದ ಬಿದಿರು ಹಿಡಿದಿದ್ದವನೊಬ್ಬ. ನಾಲ್ವರೂ ಕೈ ಬಿಟ್ರು.

ನಾಗೇಂದ್ರ ಬಗ್ಗಿ ಅಮ್ಮನ ಹಣೆ ಹತ್ರ ಮೂಸಿದ. "ವಿಭೂತಿ ವಾಸ್ನೆ ಅಷ್ಟೇ," ಅಂದ ತನ್ನಷ್ಟಕ್ಕೆ ತಾನೇ.

ಆಟೋ ನಿಂತಿತು. ಯಶೋಧತ್ತೆ ಆ ರಾಡಿ ತುಳ್ಕೊಂಡೇ ಓಡಿಬಂದು ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ಬಿದ್ಲು.

ಬಿಂದು ಕೈ ಎರಡನ್ನೂ ಮೈಯಿಂದ ದೂರ ಹಿಡಿದು ನಿಂತಿದ್ಲು. ಒಂದು ಹುಳ ಮಣಿಕಟ್ಟು ದಾಟಿ ಮೊಣಕೈಗೆ ಹತ್ತುತ್ತಿತ್ತು. ಮುಟ್ಟಿ ತೆಗೆಯಕ್ಕೆ ಆಗ್ಲಿಲ್ಲ. ಕುಕ್ಕರಗಾಲಲ್ಲಿ ಕೂತು, ಮುಖ ಆಚೆ ತಿರುಗಿಸಿ, ಕೈನ ಕರಿ ಹ್ಯಾಟೆ ಕೋಳಿ ಮುಂದೆ ಚಾಚಿದ್ಲು. ಟಕ್ ಅಂತ ಕುಟ್ಟಿತು. ಹುಳ ಹೋಯ್ತು. ಕುಟ್ಟಿದ ಕಡೆ ಸಾಸಿವೆಯಷ್ಟು ರಕ್ತ ಮೂಡ್ತು. ಹ್ಯಾಟೆ ಕತ್ತು ಓರೆ ಮಾಡಿ ಅದನ್ನ ನೋಡಿತು, ಇನ್ನೊಂದು ಹೆಜ್ಜೆ ಹತ್ರ ಬಂತು.