ಸೌ. ಸುಗುಣಾ ಮುರಾರಿ

ಹೋಟೆಲ್ ಮುರಾರಿಯವರ ವರ್ಷಾಂತಿಕದ ಊಟ ಮುಗಿದಿತ್ತು. ನೆರೂಳಿನ ಆ ಎರಡು ಕೋಣೆಯ ಮನೆಯಲ್ಲಿ ತೊಂಬತ್ತೆಂಟರಲ್ಲಿ ಬಂದ ಕಂಪ್ಯೂಟರಿಗೆ ದೇವರಿಗಿಂತ ಹೆಚ್ಚಿನ ಮಡಿ. ಮುಸುಕು ತೆಗೆಯಬೇಕಾದರೂ ಕೈ ತೊಳೆದು ಬರಬೇಕು. ಮಗಳು ಸಂಜನಾ ಮುಸುಕು ತೆಗೆದು ಅಪ್ಪನ ಫೋಟೋಗಳ ಸ್ಲೈಡ್ ಶೋ ಶುರು ಮಾಡಿದಳು. ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ, ಒಂದೊಂದರ ಕೆಳಗೂ ಹೆಸರು ಟೈಪ್ ಮಾಡಿ, ಎರಡು ತಿಂಗಳು ಕೂತು ಮಾಡಿದ್ದು.

ಸುಗುಣಾ ಎಲ್ಲರ ಹಿಂದೆ, ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ವರ್ಷವಿಡೀ ಆಲ್ಬಮ್ ಮುಟ್ಟುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಇವತ್ತು ಇದ್ದದ್ದು ಒಂದೇ ಆಸೆ: ಗಂಡನ ಪಕ್ಕದಲ್ಲಿ ತಾನಿರುವುದನ್ನು ಕಣ್ತುಂಬ ನೋಡಬೇಕು.

ಮೊದಲನೆಯದೇ ಮದುವೆಯ ಚಿತ್ರ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ, “ಕೈ. ಮುರಾರಿ, ಸೌ. ಸುಗುಣಾ ಮುರಾರಿ.” ಮರಾಠಿ ಶಾಲೆಯಲ್ಲಿ ಕಲಿತ ಹುಡುಗಿಗೆ, ತೀರಿಕೊಂಡವರು ಕೈಲಾಸವಾಸಿ, ಅವರಿಗೆ ಕೈ., ಮದುವೆಯಾದ ಹೆಂಗಸಿಗೆ ಸೌ. ಎಂದಷ್ಟೇ ಗೊತ್ತು. ಸೌಭಾಗ್ಯವತಿಯ ಆ ಸೌ. ಗಂಡನ ಹಿಂದೆಯೇ ಹೋಗಿಬಿಡುತ್ತದೆ ಎಂದು ಯಾವ ಮಾಸ್ತರರೂ ಹೇಳಿಕೊಟ್ಟಿರಲಿಲ್ಲ.

ಡೊಂಬಿವಲಿಯಿಂದ ಬಂದಿದ್ದ ಮುರಾರಿಯ ಅಕ್ಕ ಸತ್ಯಭಾಮಾ ಬಾಯಿಗೆ ಬೀಗ ಹಾಕುವವರಲ್ಲ. “ಎಂಥದು ಮಾರಾಯ್ತಿ ಇದು? ಗಂಡ ಹೋದವಳಿಗೆ ಸೌ. ಹಾಕುದುಂಟಾ? ಬಂದ್ ಮಾಡು ಮೊದ್ಲು!”

ಸಂಜನಾಳ ಮುಖ ಬಿಳಿಚಿತು. “ಸಾರಿ ಅತ್ತೆ, ಮುಝೆ ಪತಾ ನಹೀಂ ಥಾ, ಗೊತ್ತಿರ್ಲಿಲ್ಲ,” ಎಂದು ಕಂಪ್ಯೂಟರಿನ ಮೌಸ್‌ಗೆ ಕೈ ಹಾಕಿದಳು.

ಸುಗುಣಾ ಸರಸರ ಮುಂದೆ ಬಂದು ಆ ಕೈ ಹಿಡಿದಳು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಅತ್ತಿಗೆಗೆ ಎದುರಾಡದವಳು!

“ಇರ್ಲಿ ಅತ್ತಿಗೆ. ಈ ಫೋಟೋದಲ್ಲಿ ಅವರು ಇದ್ದಾರಲ್ಲ? ಹಾಗಾದ್ರೆ ನಾನು ಸೌಭಾಗ್ಯವತಿಯೇ. ತಪ್ಪಿದ್ರೆ ಅವರ ಹೆಸರಿನ ಮುಂದಿನ ಕೈ. ತಪ್ಪು. ಅದನ್ನು ತೆಗಿ ಮಗಾ.”

ಸಂಜನಾ ಒಂದೊಂದೇ ಚಿತ್ರ ತೆರೆದು ಕೈ. ಅಳಿಸುತ್ತ ಹೋದಳು. ಹೋಟೆಲಿನ ಪೂಜೆಯ ದಿನ ಗಂಡಹೆಂಡತಿ, ಮಗಳನ್ನು ಎತ್ತಿಕೊಂಡ ಗಂಡಹೆಂಡತಿ, ಬದಲಾಪುರದ ಹೊಳೆಯಲ್ಲಿ ಪಂಚೆ ಎತ್ತಿ ನಿಂತ ಮುರಾರಿ. ಅರ್ಧ ಗಂಟೆ ಮುರಾರಿ ಸತ್ತಿರಲೇ ಇಲ್ಲ. ಸುಗುಣಾಳಿಗೆ ನಗುವೂ ಬಂತು.

ಕೊನೆಯದು ಹೋದ ದೀಪಾವಳಿಯದು. ಹೋಟೆಲಿನ ಗಲ್ಲಾದಲ್ಲಿ, ಮುರಾರಿ ಕೂರುತ್ತಿದ್ದ ಕುರ್ಚಿಯಲ್ಲಿ, ಕುಂಕುಮವಿಲ್ಲದ ಹಣೆಯ ಸುಗುಣಾ ಒಬ್ಬಳೇ. ಕೆಳಗೆ ಅದೇ ಸಾಲು: ಸೌ. ಸುಗುಣಾ ಮುರಾರಿ. ಸಂಜನಾ ಅಮ್ಮನ ಮುಖ ನೋಡಲಾರದೆ ತಲೆ ತಗ್ಗಿಸಿದಳು.

“ಅಳಿಸುದು ಹೇಗೆ?” ಸುಗುಣಾ ಕೇಳಿದಳು.

“ಮೈಂ ಕರ್ತೀ ಹೂಂ ಅಮ್ಮಾ.”

“ಬೇಡ. ನಾನೇ ಮಾಡ್ತೇನೆ.”

ಮಗಳು ತೋರಿಸಿದ ಗುಂಡಿಯನ್ನು ಅವಳು ಒಂದು ಬೆರಳಿನಿಂದ ಒತ್ತಿದಳು. ಮೊದಲು ಚುಕ್ಕಿ ಹೋಯಿತು. ಆಮೇಲೆ ಇಂಗ್ಲಿಷಿನ ಮೂರು ಅಕ್ಷರ, ಒಂದೊಂದೇ. ಎಲ್ಲ ಸೇರಿ ನಾಲ್ಕೇ ಸಲ.

“ಇಷ್ಟೇನಾ?” ಎಂದಳು ಸುಗುಣಾ.