ಎಡಗಿವಿ

"ಬಲಗಡೆಯಿಂದ ನುಗ್ಗಿದ, ಒಬ್ಬನನ್ನ ದಾಟಿದ, ಇನ್ನೊಬ್ಬನನ್ನೂ ದಾಟಿದ, ಅಯ್ಯಯ್ಯೋ, ಹೊರಗೆ ಹೊಡೆದುಬಿಟ್ಟ!" ಎಂದು ಕಾಮೆಂಟರಿಯವನು ಕಿರುಚಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಮಗಳ ಬೆರಳುಗಳು ಕೊನೆಯ ಅಕ್ಷರವನ್ನೂ ಒತ್ತಿ ಮುಂದಿನ ಮಾತಿಗೆ ಕಾಯುತ್ತಿದ್ದವು. ಫುಟ್‌ಬಾಲ್ ಫೈನಲ್, ಎಪ್ಪತ್ತೊಂದನೆಯ ನಿಮಿಷ. ಎರಡು ಕಡೆಯೂ ಗೋಲು ಸೊನ್ನೆ. ಅವಳ ತಪ್ಪುಗಳೂ ಸೊನ್ನೆ. ಇನ್ನು ಇಪ್ಪತ್ತೇ ನಿಮಿಷ ಹೀಗೇ ಸಾಗಿಬಿಟ್ಟರೆ ಗೆದ್ದೆ ಎಂದು ನಿಮಿಷ ಎಣಿಸುತ್ತಿದ್ದಳು.

ಕೇಳಿದ್ದನ್ನು ಕೇಳಿದ ಕೂಡಲೇ ಅಕ್ಷರ ಮಾಡುವುದು ಅವಳ ಕೆಲಸ. ಕಿವಿ ಕೇಳದವರಿಗಾಗಿ ಟಿವಿಯ ಕೆಳಗೆ ಬಿಳಿ ಸಾಲುಗಳು ಓಡುತ್ತವಲ್ಲ, ಅವು ತಾವಾಗಿಯೇ ಮೂಡುತ್ತವೆ ಎಂದುಕೊಂಡವರೇ ಜಾಸ್ತಿ. ಮೂಡುವುದಿಲ್ಲ ಸ್ವಾಮಿ, ಇಂಥವಳೊಬ್ಬಳು ಎಲ್ಲೋ ಕೂತು ಬೆರಳು ಸವೆಸುತ್ತಿರುತ್ತಾಳೆ. ಹನ್ನೊಂದು ವರ್ಷ ಇದನ್ನೇ ಮಾಡಿ ಮಾಡಿ, ಕಿವಿಗೂ ಬೆರಳಿಗೂ ನಡುವೆ ಇರಬೇಕಾದ ತಲೆ ರಜೆ ಹಾಕಿ ಹೋಗಿತ್ತು. ಕಿವಿಗೆ ಬಿದ್ದದ್ದು ನೇರ ಬೆರಳಿಗೆ. ಒಮ್ಮೆ ಸ್ಟುಡಿಯೋದಲ್ಲಿ ಪಕ್ಕದವನು ಸೀನಿದ್ದು ಯಾರೋ ಸಚಿವರ ಭಾಷಣದ ನಡುವೆ 'ಆಕ್ಷೀ' ಎಂದು ಊರಿಗೆಲ್ಲ ಕಂಡಿತ್ತು. ಅಂದಿನಿಂದ ಕಂಪನಿಯಲ್ಲಿ ಒಂದು ನಿಯಮ: ಹೆಡ್‌ಫೋನು ಎರಡೂ ಕಿವಿ ಮುಚ್ಚಿರಬೇಕು.

ಅವಳು ಎಂಟು ತಿಂಗಳಿಂದ ಮನೆಯ ಕೋಣೆಯಲ್ಲಿ ಎಡಗಿವಿಯನ್ನು ತೆರೆದೇ ಕೂರುತ್ತಿದ್ದಳು. ಎಡಕ್ಕೆ ಬಾಗಿಲು, ಬಾಗಿಲಾಚೆ ಹಾಲ್, ಹಾಲಿನಲ್ಲಿ ಅಪ್ಪ.

ಅಪ್ಪ ಮೂವತ್ತೊಂದು ವರ್ಷ ರೆಫರಿಯಾಗಿದ್ದವನು. ಮೈದಾನದ ಈ ತುದಿಯಲ್ಲಿ ಗದರಿಸಿದರೆ ಆ ತುದಿಯ ಗೋಲ್‌ಕೀಪರ್ ಬೆಚ್ಚಿಬೀಳಬೇಕು, ಅಂಥ ಗಂಟಲು. ಸ್ಟ್ರೋಕ್ ಬಂದು ಬಲಗೈಯ ಅರ್ಧ ಶಕ್ತಿ ಹೋಯಿತು, ಮಾತು ಪೂರ್ತಿ ಹೋಯಿತು. ಮೊದಲ ಕೆಲವು ದಿನ ಅವಳು ಧೈರ್ಯ ಮಾಡಿ ಸ್ಟುಡಿಯೋಗೆ ಹೋಗಿದ್ದೂ ಉಂಟು. ಒಂದು ಮಧ್ಯಾಹ್ನ ಬಂದು ನೋಡಿದರೆ ಅಪ್ಪ ಬಚ್ಚಲಲ್ಲಿ ಬಿದ್ದಿದ್ದ. ಒಂದೂವರೆ ಗಂಟೆ ಹಾಗೇ ಬಿದ್ದಿದ್ದ. ಕೆಳಮನೆಯ ಟೈಲರಮ್ಮ ಆ ಹೊತ್ತು ಮನೆಯಲ್ಲೇ ಕೂತು ಹೊಲಿಯುತ್ತಿದ್ದಳು, ಒಂದು ಕೂಗು ಹಾಕಿದ್ದರೆ ಓಡಿ ಬರುತ್ತಿದ್ದಳು. ಕೂಗುವುದಕ್ಕೆ ಬಾಯಿ ಬೇಕಲ್ಲ! ಮಾರನೆಯ ದಿನವೇ ಮಗಳು ಕೀಬೋರ್ಡು ಹೊತ್ತುಕೊಂಡು ಮನೆಗೆ ಬಂದಳು.

ಈಗ ಕಂಪನಿ ಮನೆಯಿಂದ ಕೆಲಸ ಮಾಡುವವರನ್ನೆಲ್ಲ ವಾಪಸ್ ಕರೆಯುತ್ತಿತ್ತು. ಇವಳು ಅತ್ತೂ ಕರೆದೂ ಒಂದು ಅವಕಾಶ ಗಿಟ್ಟಿಸಿಕೊಂಡಿದ್ದಳು. ಮೇಲ್ವಿಚಾರಕಿ, ಹುಡುಗಿಯರ ಬಾಯಲ್ಲಿ ಫುಲ್‌ಸ್ಟಾಪ್ ಮೇಡಂ, ಕಡ್ಡಿ ಮುರಿದಂತೆ ಹೇಳಿದ್ದಳು. "ಫೈನಲ್ ಮ್ಯಾಚಿನ ಸೆಕೆಂಡ್ ಹಾಫ್ ನಿಮ್ಮದು. ಒಂದೂ ತಪ್ಪಿಲ್ಲದೆ ಮುಗಿಸಿದ್ರೆ ಇನ್ನೊಂದು ವರ್ಷ ಮನೆಯಿಂದಲೇ ಮಾಡಿ. ಒಂದು ಪದ ಹೆಚ್ಚುಕಮ್ಮಿ ಆದ್ರೂ ಸೋಮವಾರ ಸ್ಟುಡಿಯೋ." ಸ್ಟುಡಿಯೋ ಎಂದರೆ ಅಪ್ಪನಿಗೆ ವೃದ್ಧಾಶ್ರಮ. ಅಣ್ಣ ಆಗಲೇ ಹೋಗಿ ನೋಡಿಕೊಂಡು ಬಂದಿದ್ದ. "ದೊಡ್ಡ ಕಿಟಕಿ ಇದೆ ಕಣೇ, ಗಂಟೆಗೊಂದು ಸಲ ಬಂದು ನೋಡ್ತಾರೆ," ಎಂದಿದ್ದ. ಗಂಟೆಗೊಂದು ಸಲವಂತೆ!

ಅಪ್ಪ ಹಾಲಿನಲ್ಲಿ ಕೂತು ಅದೇ ಪಂದ್ಯ ನೋಡುತ್ತಿದ್ದ. ಟಿವಿಯ ದನಿ ಅವಳ ಕಿವಿಗೆ ಅಡ್ಡ ಬರಬಾರದೆಂದು ಪೂರ್ತಿ ಬಂದ್. ಮಗಳು ಒಳಗೆ ಬಡಿದದ್ದು ಏಳು ಸೆಕೆಂಡಿನ ಮೇಲೆ ಹಾಲಿನ ಟಿವಿಯಲ್ಲಿ ಮೂಡುತ್ತಿತ್ತು. ಚಿತ್ರವೂ ಅವಳಿಗಿಂತ ಏಳು ಸೆಕೆಂಡು ತಡ. ಮಾತಿಲ್ಲದ ಅಪ್ಪ ಮಗಳು ಬರೆದದ್ದನ್ನು ಓದುತ್ತ ಕೂರುತ್ತಿದ್ದ. ಎಂಟು ತಿಂಗಳಿಂದ ಆ ಮನೆಯಲ್ಲಿ ಮಾತುಕತೆ ಎಂದರೆ ಅದೇ ಆಗಿತ್ತು.

ಎಪ್ಪತ್ತೆಂಟನೆಯ ನಿಮಿಷ. ಉದ್ದನೆಯ ಪಾಸ್ ಒಂದು ಎಲ್ಲರ ತಲೆಯ ಮೇಲಿಂದ ಹಾರಿ ಬಂತು. ಹಳದಿ ಅಂಗಿಯವನು ಅದನ್ನು ಎದೆಗೊಟ್ಟು ಇಳಿಸಿಕೊಂಡ, ತಿರುಗಿದ, ಒದ್ದ.

"ಗೋಲ್! ಗೋಲ್! ಕೊನೆಗೂ ಗೋಲ್! ಏನು ಹೊಡೆತ, ಏನು ಹೊಡೆತ!" ಕಾಮೆಂಟರಿಯವನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದನೋ ಏನೋ. ಅವಳ ಬೆರಳು ಹಿಂದೆ ಬೀಳಲಿಲ್ಲ. 'ಇಡೀ ಮೈದಾನ ಎದ್ದು ನಿಂತಿದೆ.' 'ಎಂಥ ಗಳಿಗೆ ಇದು.' 'ಆಫ್‌ಸೈಡ್!' 'ತಂಡದವರೆಲ್ಲ ಅವನ ಮೇಲೆ ಬಿದ್ದಿದ್ದಾರೆ.'

ಆಫ್‌ಸೈಡ್?

ಬೆರಳು ಮುಂದಿನ ಸಾಲು ಬಡಿಯುತ್ತಲೇ ಇತ್ತು, ಕಣ್ಣು ಮಾತ್ರ ಹಿಂದಿನ ಸಾಲಿಗೆ ಅಂಟಿತು. ಪಾಸ್ ಬರುವ ಮೊದಲೇ ಹಳದಿ ಅಂಗಿಯವನು ಎದುರಾಳಿಗಳನ್ನು ದಾಟಿ ನಿಂತಿದ್ದ, ಗೋಲು ಲೆಕ್ಕಕ್ಕಿಲ್ಲ ಎಂದು ಕಾಮೆಂಟರಿಯವನು ಹೇಳಿರಲಿಲ್ಲ. ಅವನ ಜೊತೆಗಾರನೂ ಹೇಳಿರಲಿಲ್ಲ. ಆ ಪದ ಬಂದದ್ದು ಎಡಗಿವಿಯಿಂದ. ತುಕ್ಕು ಹಿಡಿದ ಗೇಟು ತೆಗೆದ ಹಾಗೆ ಕರಕರ ಎಂದಿತ್ತು, ಆದರೆ ದನಿ ಅವಳಿಗೆ ಗೊತ್ತಿರುವುದೇ. ಹುಟ್ಟಿದಾಗಿನಿಂದ ಕೇಳಿದ್ದು.

ಅಪ್ಪ ಮಾತಾಡಿದ! ಅಪ್ಪ ಮಾತಾಡಿಬಿಟ್ಟ! ಅವಳಿಗೆ ಎದ್ದು ಓಡಬೇಕೆನಿಸಿತು, ಕುಣಿಯಬೇಕೆನಿಸಿತು, ಜೋರಾಗಿ ಅಳಬೇಕೆನಿಸಿತು. ಏಳುವ ಹಾಗಿಲ್ಲ. ಬೆರಳು ನಿಂತರೆ ಲಕ್ಷ ಜನರಿಗೆ ಫೈನಲ್ಲೇ ನಿಂತುಹೋಗುತ್ತದೆ. ಪರದೆಯ ಮೂಲೆಯಲ್ಲಿ ಮೇಡಂ ಸಂದೇಶ ಟಣ್ ಎಂದಿತು: 'ಆಫ್‌ಸೈಡ್ ಅಂತ ಯಾರೂ ಹೇಳಿಲ್ಲ. ತಕ್ಷಣ ತಿದ್ದಿ.'

ಅವಳು ಬಡಿದಳು: 'ತಿದ್ದುಪಡಿ: ಗೋಲ್.'

ಏಳು ಸೆಕೆಂಡು ಕಳೆಯಿತು. ಹಾಲಿನಲ್ಲಿ ಕುರ್ಚಿ ಕಿರ್ರೆಂದಿತು.

"ಅಲ್ಲ!" ಎಂದ ಅಪ್ಪ. "ಅ... ಅಲ್ಲ! ಅಲ್ಲ!"

ಮಗಳಿಗೆ ಅಳುವಿನ ನಡುವೆಯೇ ನಗು ಉಕ್ಕಿ ಬಂತು. ತಿದ್ದುಪಡಿಗೇ ತಕರಾರು! ತುಟಿ ಕಚ್ಚಿಕೊಂಡು ಬೆರಳನ್ನು ಹಿಡಿದಳು. 'ಅಲ್ಲ' ಎಂಬುದು ಬೆರಳ ತುದಿಯವರೆಗೆ ಬಂದು ಕೂತಿತ್ತು. ಅತ್ತ ಮೆಟ್ಟಿಲ ಮೇಲೆ ಧಡಧಡ ಸದ್ದು, ಬಾಗಿಲು ತೆಗೆದ ಸದ್ದು, ಟೈಲರಮ್ಮನ ಏದುಸಿರು.

"ಯಾರು ಕೂಗಿದ್ದು? ರೆಫರಿ ಸಾರ್, ನೀವಾ? ನನ್ನ ಮೆಷಿನ್ ಸದ್ದನ್ನೂ ಮೀರಿ ಕೇಳಿಸ್ತಲ್ರೀ!"

"ಕು... ಕುರುಡ!"

"ಯಾರು, ನಾನಾ?"

"ರೆ... ರೆಫರಿ!"

ಮೂವತ್ತೊಂದು ವರ್ಷ ಪ್ರತಿ ಭಾನುವಾರ ಮೈದಾನದ ಸುತ್ತ ನಿಂತವರಿಂದ ಇದೇ ಬೈಗುಳ ತಿಂದು ಬಂದವನು! 'ರೆಫರಿ ಹೇಳಿದ್ದೇ ಕೊನೆ ಮಾತು' ಎಂದು ಊಟಕ್ಕೆ ಕೂತಾಗಲೂ ಪಾಠ ಹೇಳುತ್ತಿದ್ದವನು! ಟೈಲರಮ್ಮ ಗೊಳ್ಳೆಂದು ನಕ್ಕಳು. ಮಗಳಿಗೆ ಹೊಟ್ಟೆಕಿಚ್ಚಾಯಿತು. ಎಂಟು ತಿಂಗಳು ಕಾದವಳು ತಾನು, ಎದುರು ನಿಂತು ಕೇಳುತ್ತಿರುವವಳು ಅವಳು.

ಅಷ್ಟರಲ್ಲಿ ಗೋಲಿನ ಪರಿಶೀಲನೆಗೆಂದು ಆಟ ನಿಂತಿತು. ಕಾಮೆಂಟರಿಯವರೂ ಉಸಿರು ಬಿಗಿಹಿಡಿದು ಸುಮ್ಮನಾದರು. ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು: ಹಳದಿ ಅಂಗಿಯವನ ಕಾಲು ಕೊನೆಯ ಎದುರಾಳಿಗಿಂತ ಒಂದು ಗೇಣು ಹಿಂದಿತ್ತು. ಅಪ್ಪ ಹೇಳಿದ್ದು ತಪ್ಪು, ಗೋಲು ಗೋಲೇ. ಆ ನಾಲ್ಕು ಕ್ಷಣ ಅವಳ ಕೈ ಖಾಲಿಯಾಗಿತ್ತು. ಎಡಗಿವಿ ಮುಚ್ಚಿಕೊಳ್ಳಲು ಅಷ್ಟು ಸಾಕು. ಒಂದು ತಪ್ಪು ಆಗಿಹೋಗಿತ್ತು, ಇನ್ನೊಂದಾದರೆ ಕೆಲಸವೇ ಹೋಗುತ್ತದೆ. ಕೈ ಹೆಡ್‌ಫೋನಿನವರೆಗೆ ಹೋಯಿತು. ಹೋಗಿ, ಅದನ್ನು ಇನ್ನೂ ಎರಡು ಬೆರಳು ಹಿಂದಕ್ಕೆ ತಳ್ಳಿತು.

ಆಮೇಲಿನ ಹದಿನೈದು ನಿಮಿಷ ಹೇಗೆ ಕಳೆಯಿತೆಂದು ಅವಳನ್ನೇ ಕೇಳಬೇಕು. ಬಲಗಿವಿಯಲ್ಲಿ ಪೆನಾಲ್ಟಿ, ಕಾರ್ನರ್, ಹಳದಿ ಕಾರ್ಡು. ಎಡಗಿವಿಯಲ್ಲಿ 'ಅಲ್ಲ', 'ನೀರು', 'ಹೋಗೋ'. ಒಂದೊಂದು ಪದಕ್ಕೂ ಮೈ ಜುಮ್ಮೆನ್ನುತ್ತಿತ್ತು, ಒಂದೊಂದು ಪದಕ್ಕೂ ಬೆರಳನ್ನು ಗದರಿಸಿ ಕೂರಿಸಬೇಕಿತ್ತು. ಬೆವರು ಹಣೆಯಿಂದ ಇಳಿದು ಕಣ್ಣಿಗೆ ಬಂತು, ಒರೆಸಿಕೊಳ್ಳಲಿಲ್ಲ. ಕೊನೆಯ ಸೀಟಿ ಊದಿದಾಗ 'ಪಂದ್ಯ ಮುಗಿಯಿತು' ಎಂದು ಬಡಿದು, ಕುರ್ಚಿ ತಳ್ಳಿ ಎದ್ದಳು. ಬಾಗಿಲು ಮುಟ್ಟುವಷ್ಟರಲ್ಲಿ ಫೋನು.

"ಉಳಿದದ್ದೆಲ್ಲ ಚೊಕ್ಕ," ಎಂದಳು ಫುಲ್‌ಸ್ಟಾಪ್ ಮೇಡಂ. "ಆ ಒಂದು ಪದ ಮಾತ್ರ. ಮೈದಾನದ ಮೈಕಿಂದ ಬಂದ ಗದ್ದಲ ಇರ್ಬೇಕು, ಅಲ್ವಾ? ಹಾಗಂತ ಬರೆದುಬಿಡ್ತೀನಿ. ಗದ್ದಲ ಅಂದ್ರೆ ತಪ್ಪು ನಿಮ್ಮದಲ್ಲ. ನೀವು ಮನೆಯಲ್ಲೇ ಇರಿ."

ಮೇಡಂ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಹೂಂ ಎಂದರೆ ಸಾಕಿತ್ತು. ಒಂದು ವರ್ಷ! ಹೂಂ ಎನ್ನಲು ಬಾಯಿ ತೆರೆದಳು ಕೂಡ. ಹಾಲಿನಲ್ಲಿ ಅಪ್ಪ ಏನೋ ಹೇಳಲು ತಿಣುಕುತ್ತಿದ್ದ.

"ಗದ್ದಲ ಅಲ್ಲ ಮೇಡಂ," ಎಂದಳು. "ಅದು ನಮ್ಮಪ್ಪ."

"ಏನು?"

"ನಮ್ಮಪ್ಪ ಅಂದಿದ್ದು. ಎಂಟು ತಿಂಗಳಾದ ಮೇಲೆ ಮೊದಲ್ನೇ ಮಾತು. ನಾನು ಎಡಗಿವಿ ಮುಚ್ಕೊಂಡಿರ್ಲಿಲ್ಲ."

ಆ ಕಡೆ ಹಾಳೆ ಮಗುಚಿದ ಸದ್ದು.

"ಆಫ್‌ಸೈಡ್ ಆಗಿರ್ಲಿಲ್ಲವಲ್ಲ," ಎಂದಳು ಮೇಡಂ.

"ಗೊತ್ತು ಮೇಡಂ."

"ಇದನ್ನ ನಾನು ವರದಿಯಲ್ಲಿ ಬರೀಲೇಬೇಕಾಗುತ್ತೆ. ಸೋಮವಾರ ಒಂಬತ್ತಕ್ಕೆ ಸ್ಟುಡಿಯೋ."

"ಬರೀರಿ. ಆದ್ರೆ ಗದ್ದಲ ಅಂತ ಬರೀಬೇಡಿ. ಹೇಳಿದವರು ಯಾರು ಅಂತ ಹಾಕಿ."

"ಹಾಕ್ತೀನಿ," ಎಂದು ಮೇಡಂ ಫೋನಿಟ್ಟಳು.

ಹಾಲಿನಲ್ಲಿ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ಮಗಳ ಮುಖ ನೋಡಿ ಅರ್ಧ ತಿಳಿದುಕೊಂಡಳು, ಉಳಿದರ್ಧವನ್ನು ಮಗಳು ಎರಡು ಮಾತಲ್ಲಿ ಹೇಳಿದಳು. "ಅದಕ್ಯಾಕೆ ಮುಖ ಸಣ್ಣದು ಮಾಡ್ಕೋತೀಯಾ? ನಾನು ಕೆಳಗೇ ಇರ್ತೀನಲ್ಲ," ಎಂದಳು ಟೈಲರಮ್ಮ. "ಹೊತ್ತಿಗೊಂದು ಸಲ ಬಂದು ನೋಡ್ತೀನಿ. ಕೂಗಿದ್ರೆ ಇನ್ನೇನು, ಕೇಳಿಸುತ್ತೆ. ಎಂಥ ಗಂಟಲು ಮಾರಾಯ್ತಿ!" ಎಂದು ಇಳಿದು ಹೋದಳು.

ಮಗಳು ಅಪ್ಪನ ಮುಂದೆ ನೆಲದ ಮೇಲೆ ಕೂತಳು.

"ಅಪ್ಪ, ಅದು ಗೋಲೇ. ಗೆರೆ ಎಳೆದು ತೋರಿಸಿದ್ರಲ್ಲ."

ಅಪ್ಪ ಕಣ್ಣು ಕೆಕ್ಕರಿಸಿದ.

"ಆಯ್ತಪ್ಪ, ನೀನು ಹೇಳಿದ್ದೇ ಸರಿ. ಇನ್ನೊಂದು ವಿಷಯ. ಸೋಮವಾರದಿಂದ ನಾನು ಸ್ಟುಡಿಯೋಗೆ ಹೋಗ್ಬೇಕು. ದಿನಾ."

ಅಪ್ಪ ಟಿವಿಯನ್ನು ನೋಡಿದ. ಅಲ್ಲಿ ಹಳದಿ ಅಂಗಿಯವರು ಕಪ್ ಎತ್ತಿ ಕುಣಿಯುತ್ತಿದ್ದರು. ಅವಳನ್ನು ನೋಡಿದ. ಎಡಗೈಯನ್ನು ಅವಳ ತಲೆಯ ಮೇಲಿಟ್ಟ. ತುಟಿ ಒಂದು ಪಕ್ಕಕ್ಕೆ ಎಳೆಯಿತು, ಕೊರಳಿನ ನರ ಉಬ್ಬಿತು.

"ಹೋ..." ಎಂದ. "ಹೋ... ಹೋಗಿ."

ಇನ್ನೂ ಒಂದು ಮಾತಿತ್ತು. ಅವಳಿಗೆ ಗೊತ್ತಿತ್ತು, ನಾಲಿಗೆಯ ತುದಿಗೇ ಬಂದಿತ್ತು. ಅಪ್ಪನೇ ಹೇಳಲಿ ಎಂದು ಹಲ್ಲು ಕಚ್ಚಿ ಕೂತಳು. ಕೆಳಗೆ ಹೊಲಿಗೆ ಮೆಷಿನ್ ಶುರುವಾಗಿ ಒಂದು ಉದ್ದನೆಯ ಹೊಲಿಗೆ ಮುಗಿಸಿ ನಿಂತಿತು.

"ಬಾ," ಎಂದ ಅಪ್ಪ.