ಹೆಣದ ಪಾತ್ರ

ಹೊದಿಕೆಯನ್ನು ಗಂಡನ ಎದೆಯವರೆಗೆ ಎಳೆದು ಅವಳು ಸುಕ್ಕು ತೀಡುತ್ತಿದ್ದಾಗ, ಅದು ಅವಳ ಅಂಗೈಯ ಕೆಳಗೆ ಮೆಲ್ಲಗೆ ಮೇಲೆದ್ದಿತು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಸ್ಟೀಲಿನ ಮುಚ್ಚಳವೊಂದು ಠಣ್ಣನೆ ಬಿತ್ತು. ಅವಳು ತಿರುಗಿದಳು. ಮುಚ್ಚಳ ನೆಲದ ಮೇಲೆ ಗರಗರ ಸುತ್ತಿ, ಸುಸ್ತಾಗಿ ಮಲಗುವುದು ಬಾಗಿಲಿನಾಚೆ ಕಾಣಿಸಿತು. ಮತ್ತೆ ಇತ್ತ ನೋಡುವಷ್ಟರಲ್ಲಿ ಹೊದಿಕೆ ಸಪಾಟಾಗಿತ್ತು.

"ಕೈ ಜಾರಿತು ಅತ್ತಿಗೆ," ಎಂದು ಮೈದುನ ಒಳಗಿನಿಂದಲೇ ಕೂಗಿದ. "ಟೀಗೆ ಇಡ್ತಿದೀನಿ. ಜನ ಬರೋಕೆ ಶುರು ಮಾಡಿದ್ರು."

ಅವಳು ತನ್ನ ಅಂಗೈಯನ್ನೇ ನೋಡಿಕೊಂಡಳು. ತನಗಾದದ್ದು ಹೆದರಿಕೆಯೋ ಆಸೆಯೋ ಅವಳಿಗೇ ತಿಳಿಯಲಿಲ್ಲ.

ಗಂಡ ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಡಾಕ್ಟರು ಬಂದು, ನಾಡಿ ಹಿಡಿದು, ಕಣ್ಣಿಗೆ ಟಾರ್ಚು ಬಿಟ್ಟು, ಕಾಗದ ಬರೆದುಕೊಟ್ಟಿದ್ದರು. ಮಧ್ಯಾಹ್ನಕ್ಕೆ ಗಾಡಿ ಬರುವುದಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಉದ್ಯೋಗ. ರಜೆ ಸಿಕ್ಕರೆ ಸಿನಿಮಾ. ನಟರೆಲ್ಲ ಮನೆಯವರು, ನೆರೆಯವರು. ಸೆಟ್ಟು ಎಂದರೆ ಇದೇ ಮನೆ. ಬೀದಿಗೆಲ್ಲ ಅವನು 'ಡೈರೆಕ್ಟ್ರು'. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅವನು ಯಾವತ್ತೂ ತೂಗಿ ನೋಡಲಿಲ್ಲ. ಕ್ಯಾಮೆರಾ ತಂದ ದಿನ ಅವನ ತಾಯಿ "ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ" ಎಂದು ಹಣೆ ಚಚ್ಚಿಕೊಂಡಿದ್ದಳಂತೆ. ತೆಗೆದದ್ದನ್ನು ಕಂಪ್ಯೂಟರಿನ ಮುಂದೆ ಕೂತು ಕತ್ತರಿಸಿ ಜೋಡಿಸುವುದು ಹೆಂಡತಿಯ ಪಾಲಿನ ಕೆಲಸ. ಅವಳನ್ನು ಅವನು ಕರೆಯುತ್ತಿದ್ದದ್ದೇ 'ಕತ್ತರಿ' ಎಂದು.

ಎದುರುಮನೆಯ ದರ್ಜಿಯಮ್ಮ ಬಂದು ಮಂಚದ ಪಕ್ಕ ಕೂತಳು. ಸಿನಿಮಾಗಳಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳು ಅವಳೇ. ಸ್ವಲ್ಪ ಹೊತ್ತು ಅತ್ತು, ಮೂಗು ಒರೆಸಿಕೊಂಡು, "ಪುಣ್ಯಾತ್ಮ, ಒಂದೇ ಬಾಗಿಲಿಂದ ನನ್ನನ್ನ ಎಷ್ಟು ಸಲ ಒಳಗೆ ಬರಿಸಿದ್ರು! ಒಂದ್ಸಲ ದೂರದಿಂದ, ಒಂದ್ಸಲ ಹತ್ತಿರದಿಂದ, ಆಮೇಲೆ ಬರೀ ಕಾಲು," ಎಂದಳು.

"ಪ್ರತಿ ಸಲಾನೂ ಚೀಲ ಅದೇ ಕೈಯಲ್ಲಿರ್ಬೇಕು," ಎಂದ ಮೈದುನ, ಟೀ ಕೊಡುತ್ತಾ. "ನೀವು ಕೈ ಬದಲಾಯಿಸಿದ್ರಿ ಅಂತ ಇಡೀ ಭಾನುವಾರ ಹಾಳಾಯ್ತಲ್ಲ, ನೆನಪಿದೆಯಾ? ಕೇಳಿದ್ರೆ ಚೀಲಾನೇ ಭಾರ ಅಂದ್ರಿ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ."

ಇಬ್ಬರೂ ನಕ್ಕರು. ನಕ್ಕದ್ದು ಅರಿವಾಗಿ ತಲೆ ತಗ್ಗಿಸಿದರು. ಅವಳು ಮಾತ್ರ ಹೊದಿಕೆಯಿಂದ ಕಣ್ಣು ಕೀಳಲಿಲ್ಲ. ಎದೆಯ ಭಾಗದಲ್ಲಿ ಬಟ್ಟೆಯ ಗೆರೆಯೊಂದು ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು, ಒಳಗಿನಿಂದ ಏನೋ ಉಬ್ಬುವಾಗ ಬಿಚ್ಚಿಕೊಳ್ಳುವಂತೆ.

ಟಕ್ ಎಂದಿತು. ದರ್ಜಿಯಮ್ಮನ ಚೀಲದಿಂದ ದಾರದ ಉಂಡೆಯೊಂದು ಬಿದ್ದು, ಕೆಂಪು ದಾರ ಬಿಚ್ಚುತ್ತಾ ಕೋಣೆಯ ನಡುವೆ ಉರುಳಿಹೋಯಿತು. ಎಲ್ಲರ ಕಣ್ಣೂ ಅದರ ಹಿಂದೆ ಹೋದವು. ಅವಳದೂ ಹೋಯಿತು. ಗೋಡೆ ತಾಗಿ ಉಂಡೆ ನಿಂತ ಮೇಲೆ ಇತ್ತ ತಿರುಗಿದರೆ, ಗೆರೆ ಮೊದಲಿದ್ದ ಹಾಗೆಯೇ ಇತ್ತು.

ಈ ಕೆಲಸ ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಮಗಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಒಂದು ಸಿನಿಮಾ ತೆಗೆದಿದ್ದರು. ಮನೆಯ ಯಜಮಾನನೊಬ್ಬ ಸಾಯುವ ಕತೆ. ಹೆಣದ ಸುತ್ತ ಎಲ್ಲರೂ ಕೂತಿರುವುದು ಕೊನೆಯ ದೃಶ್ಯ. ಅದನ್ನೇ ಮೊದಲ ದಿನ ತೆಗೆಯಬೇಕೆಂದು ಅವನ ಹಟ.

"ಇದ್ಯಾವ ಸೀಮೆ ಕ್ರಮ? ಮೊದ್ಲು ಸಾಯಿಸಿ, ಆಮೇಲೆ ಹುಟ್ಟಿಸ್ತೀರಾ?" ಎಂದು ಅವಳು ರೇಗಿಸಿದ್ದಳು.

"ಏ ಕತ್ತರಿ, ನಮ್ಮೋರು ಸಂಬಳಕ್ಕೆ ಬಂದೋರಲ್ಲ. ನಾಳೆ ಯಾರಿಗೆ ಜ್ವರವೋ, ಯಾರಿಗೆ ಮುನಿಸೋ. ಕೊನೆ ಕೈಲಿದ್ರೆ ಮಧ್ಯದ್ದು ಹೇಗೋ ಆಗತ್ತೆ. ಕೊನೇನೇ ಇಲ್ದಿದ್ರೆ, ಪಟ್ಟ ಪಾಡೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ಹೆಣವಾಗಲು ಯಾರೂ ಒಪ್ಪಲಿಲ್ಲ. "ನಂಗಿನ್ನೂ ಮದುವೆ ಆಗಿಲ್ಲ ಅಣ್ಣಾ, ಬಿಟ್ಬಿಡು," ಎಂದು ಮೈದುನ ಕೈ ಮುಗಿದ. ಕೊನೆಗೆ ಡೈರೆಕ್ಟ್ರೇ ಮುಖಕ್ಕೆ ಪೌಡರು ಮೆತ್ತಿಕೊಂಡು ಮಂಚದ ಮೇಲೆ ಮಲಗಿದ. ಕ್ಯಾಮೆರಾ ಹೆಂಡತಿಯ ಕೈಗೆ ಬಂತು. ಅವಳು 'ಸಾಕು' ಅನ್ನುವವರೆಗೆ ಉಸಿರು ಬಿಗಿಹಿಡಿದಿರುವುದು ಅವನ ಪಾತ್ರ. ಅವಳು ಅಷ್ಟು ಚಂದ ಮಲಗಿದ್ದವನನ್ನು ನೋಡುತ್ತಾ ಬಾಯಿಬಿಡುವುದನ್ನೇ ಮರೆತಳು. ಪೌಡರಿನಡಿ ಅವನ ಮುಖ ಕೆಂಪೇರಿತು. ಕಡೆಗೆ ದಡಕ್ಕನೆ ಎದ್ದು ಕೂತು, ಕೆಮ್ಮಿ ಕೆಮ್ಮಿ, "ಪುಣ್ಯಾತ್ಗಿತ್ತಿ, ನಿಜವಾಗ್ಲೂ ಸಾಯಿಸಿಬಿಡ್ತೀಯಾ!" ಎಂದ.

ಅಷ್ಟು ಮಾಡಿದರೂ ಕಂಪ್ಯೂಟರಿನಲ್ಲಿ ನೋಡಿದಾಗ ಎಲ್ಲ ಶಾಟಿನಲ್ಲೂ ಎದೆ ಅಲ್ಲಾಡುತ್ತಿತ್ತು.

"ರೀ, ನಿಮ್ಮ ಹೆಣ ಉಸಿರಾಡ್ತಿದೆ."

"ಆಡ್ಲಿ ಬಿಡು. ಉಸಿರು ಏಳೋ ಹೊತ್ತಿಗೆ ಸರಿಯಾಗಿ ಕತ್ತರಿಸು. ಬೇರೆ ಏನಾದ್ರೂ ತೋರಿಸಿ, ಆಮೇಲೆ ಮತ್ತೆ ಹೆಣಕ್ಕೆ ಬಾ. ಮಧ್ಯೆ ಏನಾಯ್ತು ಅಂತ ಯಾವನಿಗೂ ತಿಳಿಯಲ್ಲ."

"ಏನು ತೋರಿಸ್ಲಿ? ಗೋಡೆನಾ?"

"ಗೋಡೆ ತೋರಿಸಿದ್ರೆ ಮುಚ್ಚಿಡ್ತಿದೀವಿ ಅಂತ ಸಿಕ್ಕಿಬೀಳ್ತೀವಿ. ತಾನಾಗೇ ಅಲ್ಲಾಡ್ತಿರೋದನ್ನ ತೋರಿಸು. ಅದರ ಸದ್ದು ಮೊದ್ಲು ಬರ್ಲಿ, ಚಿತ್ರ ಆಮೇಲೆ. ಆಗ ನೋಡೋರ ಕಣ್ಣು ತಾನೇ ಅತ್ತ ತಿರುಗತ್ತೆ."

ಮಾರನೆಯ ದಿನ ಇಬ್ಬರೂ ಕೂತು ಹಾರುವ ಪರದೆ, ತೊಟ್ಟಿಕ್ಕುವ ನಲ್ಲಿ, ಅಲುಗುವ ಬಾಗಿಲು ಎಲ್ಲವನ್ನೂ ತೆಗೆದರು. ಅವಳು ಒಂದೊಂದನ್ನೂ ಉಸಿರಿನ ಜಾಗಕ್ಕೆ ಅಂಟಿಸಿದಳು. ಸಿನಿಮಾ ನೋಡಿ ಬೀದಿಯವರೆಲ್ಲ ಅತ್ತರು. ಅವಳಿಗೊಬ್ಬಳಿಗೆ ಅಳು ಬರಲಿಲ್ಲ. ಪರದೆ ಹಾರಿದಾಗೆಲ್ಲ, ಅದರ ಹಿಂದೆ ಗಂಡ ಹಾಯಾಗಿ ಉಸಿರೆಳೆದುಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು.

*

"ನಿಮ್ಮಪ್ಪ ಉಸಿರಾಡ್ತಿದಾರೆ," ಎಂದಳು ಅವಳು ಮಗಳ ಕಿವಿಯಲ್ಲಿ.

ಮಗಳು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಮ್ಮಾ, ಫ್ಯಾನ್ ಗಾಳಿ."

ಫ್ಯಾನು ನಿಲ್ಲಿಸಿದರು. ಸೆಖೆಗೆ ಜನ ಸೆರಗಿನಿಂದ, ಪೇಪರಿನಿಂದ ಬೀಸಿಕೊಳ್ಳತೊಡಗಿದರು. ಅವಳು ಮೈಯೆಲ್ಲ ಕಣ್ಣಾಗಿ ಕೂತಳು. ಮತ್ತೆ ಹೊದಿಕೆ ಎದ್ದಿತು. ಮತ್ತೆ ಸದ್ದು: ಈ ಸಲ ಬಾಗಿಲ ಹತ್ತಿರ ಯಾರೋ ಸೀನಿದರು. ಕಣ್ಣು ತಿರುಗಿಸಬಾರದು ಎಂದುಕೊಂಡಿದ್ದಳು. ಆದರೂ ಕಣ್ಣು ತಿರುಗಿತ್ತು.

"ನೋಡು, ಈಗ್ಲೂ!" ಎಂದಳು.

"ಏನು ನೋಡ್ಲಿ? ನಾನೂ ಅಪ್ಪನ್ನೇ ನೋಡ್ತಿದ್ದೆ. ಏನೂ ಆಗ್ಲಿಲ್ಲಮ್ಮ." ಮಗಳ ದನಿ ಒಡೆಯಿತು. "ದಯವಿಟ್ಟು ಹೀಗೆಲ್ಲ ಮಾತಾಡ್ಬೇಡ. ನಂಗೆ ಭಯ ಆಗತ್ತೆ."

ಮೈದುನ ಬಂದು ವಿಷಯ ಕೇಳಿದ. ವಾದ ಮಾಡಲಿಲ್ಲ. ಅಣ್ಣನ ಕನ್ನಡಕವನ್ನು ಕಪಾಟಿನಿಂದ ತಂದು, ಅಂಗಿಯ ಚುಂಗಿಗೆ ಒರೆಸಿ, ಗಾಜನ್ನು ಮೂಗಿನ ಕೆಳಗೆ ಹಿಡಿದ. "ಇಲ್ಲಿ ನೋಡಿ ಅತ್ತಿಗೆ. ಉಸಿರಿದ್ರೆ ಮಂಜು ಕಟ್ಟಬೇಕು."

ಅವಳು ಬಗ್ಗಿದಳು. ಗಾಜಿನ ಅಂಚಿನಲ್ಲಿ ಏನೋ ಬೆಳ್ಳಗಾಯಿತೆನ್ನುವಾಗ, ಬೀದಿಯಲ್ಲಿ ದೊಡ್ಡ ಹಾರ್ನ್ ಮೊಳಗಿತು. ಕಿಟಕಿಯಾಚೆ ಬಿಳಿ ಗಾಡಿ ಹಿಂದೆ ಹಿಂದೆ ಸರಿಯುತ್ತಾ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

"ನಾನು ನೋಡ್ದೆ. ಏನೂ ಇಲ್ಲ ಅತ್ತಿಗೆ. ಗಾಜು ಸ್ವಚ್ಛ."

"ನೀನು ನೋಡ್ದೆ. ನಾನು ನೋಡ್ಲಿಲ್ಲ."

ಗಾಡಿಯ ಡ್ರೈವರು ಒಳಗೆ ಬಂದು, ಬಾಗಿಲ ಅಗಲವನ್ನು ಕಣ್ಣಳತೆ ಮಾಡಿ, "ತಲೆ ಕಡೆ ಇಬ್ರು, ಕಾಲ್ಕಡೆ ಇಬ್ರು ಬನ್ನಿ," ಎಂದ. ಮೈದುನ ಅಂಗಿಯ ತೋಳು ಮಡಿಚಿದ.

"ಯಾರೂ ಮುಟ್ಟಬೇಡಿ!" ಅವಳು ಮಂಚಕ್ಕೆ ಅಡ್ಡ ನಿಂತಳು. ಜೀವವಿರುವವನನ್ನು ತಾನೇ ಕೈಯಾರೆ ಕಳಿಸಿಬಿಟ್ಟರೆ ಆಮೇಲೆ ಎಲ್ಲಿಗೆ ಹೋಗಿ ಯಾರನ್ನು ಕೇಳುವುದು? "ಎಲ್ಲಾ ಹೊರಗಿರಿ. ನಾನು ಒಂದ್ಸಲ ಪೂರ್ತಿ ನೋಡ್ಬೇಕು. ಮಧ್ಯೆ ಕತ್ತರಿ ಬೀಳದ ಹಾಗೆ, ಒಂದೇ ಸಮ. ಉಸಿರಿಲ್ಲ ಅಂತ ನಂಗೆ ಗೊತ್ತಾದ್ರೆ, ನಾನೇ ಕೂಗಿ ಕರೀತೀನಿ."

"ತಲೆ ಕೆಟ್ಟಿದೆ ಪಾಪ," ಎಂದು ಯಾರೋ ಗೊಣಗಿದರು. ಮಗಳು ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೋಗಿ, ಬಾಗಿಲೆಳೆದುಕೊಂಡಳು.

*

ಅವಳು ಸ್ಟೂಲು ಎಳೆದುಕೊಂಡು ಕೂತು ನೋಡತೊಡಗಿದಳು.

ಈ ಸಲ ಏನೂ ಬೀಳಲಿಲ್ಲ. ಯಾರೂ ಸೀನಲಿಲ್ಲ. ನಲ್ಲಿ ತೊಟ್ಟಿಕ್ಕಲಿಲ್ಲ, ಹೊರಗೆ ಮಾತು ಕೇಳಲಿಲ್ಲ. ಶೂಟಿಂಗಿನ ದಿನ ಎಷ್ಟು ಬೇಡಿಕೊಂಡರೂ ಸಿಗದ ಮೌನ ಮನೆ ತುಂಬಾ ಇತ್ತು. ಹೊದಿಕೆಯ ಒಂದು ಎಳೆಯೂ ಅಲುಗಲಿಲ್ಲ. ಎಲ್ಲಿ ಕತ್ತರಿಸಬೇಕೆಂದು ಅವಳ ಬೆರಳಿಗೆ ಗೊತ್ತಿದ್ದ ಜಾಗ ದಾಟಿತು. ನೋಡುವವರು ಕುರ್ಚಿಯಲ್ಲಿ ಮಿಸುಕಾಡುವ ಜಾಗವೂ ದಾಟಿತು. ಅವಳು ನೋಡುತ್ತಲೇ ಇದ್ದಳು. ಕಣ್ಣುರಿದು ನೀರು ಬಂತು.

ಅವನು ಉಸಿರಾಡಲಿಲ್ಲ.

ಹಾಗಾದರೆ ಮುಗಿಯಿತು. ಕರೆಯಬೇಕು. ಬಾಯಿ ತೆರೆದಳು. ಆಗ ಅವಳ ಕಣ್ಣಿಗೆ ಅವನ ಮುಖ ಬಿತ್ತು. ಬೆಳಗಿನಿಂದ ಬಿಳಿಚಿಕೊಂಡಿದ್ದ ಕೆನ್ನೆಯಲ್ಲಿ ಈಗ ಎಳೆಗೆಂಪು ಬಣ್ಣ ಕಂಡಿತು, ನೋಡನೋಡುತ್ತಾ ಗಾಢವಾಗುತ್ತಿರುವಂತೆ. ಹೆದರಿಕೆ ಎಲ್ಲೋ ಹೋಗಿಬಿಟ್ಟಿತು. ಪಾಪ, ಇವಳು ನೋಡುತ್ತಿದ್ದಾಳೆಂದು ಎಷ್ಟು ಹೊತ್ತಿನಿಂದ ಹೀಗೆ ತಡೆದುಕೊಂಡಿದ್ದಾನೋ.

"ಅತ್ತಿಗೆ, ಬರ್ಲಾ?" ಬಾಗಿಲಾಚೆಯಿಂದ ಮೈದುನ ಕೇಳಿದ.

"ಇರಪ್ಪಾ, ಸ್ವಲ್ಪ ಇರು."

ಅವಳು ಸ್ಟೂಲನ್ನು ಪೂರ್ತಿ ತಿರುಗಿಸಿ, ಮಂಚಕ್ಕೆ ಬೆನ್ನು ಹಾಕಿ, ಕಿಟಕಿಗೆ ಮುಖ ಮಾಡಿ ಕೂತಳು. ಬೀದಿಯ ಆಚೆ ಒಬ್ಬ ಮನುಷ್ಯ ಏಣಿ ಹತ್ತಿ ಅಂಗಡಿಯ ಷಟರಿಗೆ ನೀಲಿ ಬಣ್ಣ ಬಳಿಯುತ್ತಿದ್ದ. ಬ್ರಷ್ಷು ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ಬೆನ್ನ ಹಿಂದೆ ಮಂಚ ಒಮ್ಮೆ ಕಿರ್ರೆಂದಿತು, ಬಟ್ಟೆ ಸರಿದ ಸದ್ದಾಯಿತು.

ಅವಳು ತಿರುಗಲಿಲ್ಲ. ಬಣ್ಣದವನು ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿದ, ಅಂಚಿಗೆ ಒರೆಸಿದ, ಮತ್ತೆ ಬಳಿಯತೊಡಗಿದ. ಇಡೀ ಷಟರು ಇನ್ನೂ ಬಾಕಿಯಿತ್ತು.